ಐದು ಮನೆಯ ಜೋಳ

ಮೊನ್ನೆ ನನ್ನ ಹೆಸರಿಗೊಂದು ದಪ್ಪ ಲಕೋಟೆ ಬಂತು. ಈ ವಯಸ್ಸಿನಲ್ಲಿ ನನ್ನನ್ನು ಹುಡುಕಿಕೊಂಡು ಬರುವುದು ಪಿಂಚಣಿ ಮತ್ತು ನೆಗಡಿ, ಎರಡೇ. ಹಾಗಾಗಿ ಆಸೆಯಿಂದಲೇ ಹರಿದೆ. ಒಳಗೊಂದು ಪ್ಲಾಸ್ಟಿಕ್ ಪೊಟ್ಟಣ. ಅದರಲ್ಲಿ ಚಿಟಿಕೆ ಕುಂಕುಮ, ನಾಲ್ಕು ಕಲ್ಲುಸಕ್ಕರೆ, ಬಿಲ್ವವೋ ಬೇವೋ ಗುರುತು ಹತ್ತದಷ್ಟು ಒಣಗಿದ ಒಂದು ಎಲೆ. ಜೊತೆಗೆ ಅಚ್ಚಾದ ಒಂದು ಕಾಗದ: ‘ಭಕ್ತರಾದ ನೀಲಮ್ಮ ಇವರ ಪರವಾಗಿ ಕೃತಜ್ಞತಾ ಸೇವೆಯನ್ನು ನೆರವೇರಿಸಲಾಗಿದೆ.’

ಹೋದ ತಿಂಗಳು ನನ್ನ ಬಲಗಣ್ಣಿನ ಪೊರೆ ತೆಗೆಸಿದ್ದರು. ಆ ಕಣ್ಣಿನಿಂದಲೇ ಈ ಕಾಗದವನ್ನು ಓದಿದೆ. ಓದಿದ ಮೇಲೆ ಇದನ್ನು ಓದುವುದಕ್ಕಾಗಿ ಕಣ್ಣು ಬರಬೇಕಿತ್ತೇ ಅನ್ನಿಸಿತು. ರಾಯಚೂರಿನಲ್ಲಿ ನೌಕರಿಯಲ್ಲಿರುವ ನನ್ನ ತಮ್ಮನ ಮಗನಿಗೆ ಫೋನು ಹಚ್ಚಿದೆ.

“ಅತ್ತಿ, ಪ್ರಸಾದ ಬಂತೇನು?” ಅಂದ, ಬಹಳ ಖುಷಿಯಿಂದ.

“ಬಂತು. ಯಾರು ಮಾಡಿಸಿದ್ದು ಇದನ್ನ?”

“ನಾನೇ. ಈಗ ಎಲ್ಲಾ ಫೋನಿನ್ಯಾಗ ಆಗತೈತಿ. ದರ್ಗಾದಾಗನೂ ನಿನ್ನ ಹೆಸರಲೆ ಚಾದರ ಹಾಕಿಸೀನಿ. ಎರಡೂ ಕಡಿ ಆಗಲಿ ಅಂತ. ನೀ ಎಲ್ಲಿಗೂ ಹೋಗೂದು ಬ್ಯಾಡ, ಕುಂತಲ್ಲೇ ಕುಂತಿರು. ಮುಗದೈತಿ.”

ಮುಗಿದಿದೆಯಂತೆ. ಕಣ್ಣು ನನ್ನದು, ಬೆಳಕು ಬಂದದ್ದು ನನಗೆ. ನಾನು ಇಲ್ಲಿ ಮಧ್ಯಾಹ್ನದ ನಿದ್ದೆಯಲ್ಲಿ ಗೊರಕೆ ಹೊಡೆಯುತ್ತಿರುವಾಗ ಎಲ್ಲೋ ಒಬ್ಬ, ನಾನು ಕಪ್ಪಗಿದ್ದೇನೋ ಕೆಂಪಗಿದ್ದೇನೋ ತಿಳಿಯದವನು, ನನ್ನ ಪರವಾಗಿ ದೇವರಿಗೆ ಕೈಮುಗಿದಿದ್ದಾನೆ. ಇನ್ನೊಬ್ಬ ಇನ್ನೊಂದು ಕಡೆ ನನ್ನ ಪರವಾಗಿ ಚಾದರ ಹೊದಿಸಿದ್ದಾನೆ. ನಾನು ಯಾವಾಗ ವಕಾಲತ್ತು ಬರೆದುಕೊಟ್ಟಿದ್ದೆ ಇವರಿಗೆ? ದೇವರು ನನ್ನ ಮೇಲೆ ದಾವೆ ಹೂಡಿದ್ದನೇ, ನನ್ನ ಬದಲಿಗೆ ಇವರು ಹೋಗಿ ನಿಲ್ಲುವುದಕ್ಕೆ?

ಹುಡುಗನಿಗೆ ಬೈಯಲಿಲ್ಲ. ಪ್ರೀತಿಯಿಂದ ಮಾಡಿದ್ದಾನೆ, ಗೊತ್ತು. ಪ್ರೀತಿಯಿಂದ ಮಾಡಿದ್ದಕ್ಕೆ ಬೈಯಲಾಗುವುದಿಲ್ಲ ಅನ್ನುವುದೇ ನನ್ನ ಸಿಟ್ಟನ್ನು ಇನ್ನಷ್ಟು ಹೆಚ್ಚಿಸಿತು. ಪೊಟ್ಟಣವನ್ನು ಗೂಡಿನಲ್ಲಿಟ್ಟೆ. ಈಗಲೂ ಅಲ್ಲೇ ಇದೆ. ದೇವರ ವಸ್ತು, ಎಸೆಯಲಾರೆ; ನನ್ನದಲ್ಲ, ತಿನ್ನಲಾರೆ.

ನೀವೂ ನೋಡಿರುತ್ತೀರಿ. ಗುಡಿಗೆ ಟ್ಯೂಬ್‌ಲೈಟು ಕೊಟ್ಟವನು ಅದರ ಮೇಲೆಯೇ ತನ್ನ ಹೆಸರು, ಅಪ್ಪನ ಹೆಸರು, ಅಂಗಡಿಯ ಹೆಸರು ಬರೆಸಿರುತ್ತಾನೆ. ಹೆಸರು ಹೋದಷ್ಟು ದೂರ ಬೆಳಕು ಹೋಗುವುದಿಲ್ಲ. ದರ್ಗಾದ ಫ್ಯಾನಿನ ರೆಕ್ಕೆಗಳ ಮೇಲೂ ಹೆಸರು ಕಂಡಿದ್ದೇನೆ. ಕರೆಂಟು ಹೋದಾಗ ಮಾತ್ರ ಓದಬಹುದು. ಇದು ದೇವರಿಗೆ ಹೇಳುವ ಕೃತಜ್ಞತೆಯೋ, ಊರಿಗೆ ಹೇಳುವ ಸುದ್ದಿಯೋ? ಹೀಗೆ ಕೇಳಿದರೆ ಅತ್ತೆಗೆ ವಯಸ್ಸಾಯಿತು ಅನ್ನುತ್ತಾರೆ. ವಯಸ್ಸಾಗಿರುವುದು ಹೌದು. ಆದರೆ ಈ ಸಿಟ್ಟು ವಯಸ್ಸಿನಿಂದ ಬಂದದ್ದಲ್ಲ. ನಾನು ಉರ್ದು ಶಾಲೆಯ ದೂಸ್ರೀ ಜಮಾತಿನಲ್ಲಿ, ಅಂದರೆ ಎರಡನೇ ತರಗತಿಯಲ್ಲಿದ್ದಾಗ, ನಿಜಾಮನ ಆಳ್ವಿಕೆಯಲ್ಲಿ, ಲೇವಿಗೆಂದು ರೈತರ ಮನೆಯಿಂದ ಕಾಳು ಎತ್ತಿಕೊಂಡು ಹೋಗುತ್ತಿದ್ದ ದಿನಗಳಲ್ಲಿ, ಮಸ್ಕಿಯ ನಮ್ಮ ಮನೆಯ ಮುಂಬಾಗಿಲಲ್ಲಿ ಹುಟ್ಟಿದ್ದು.

ನಮ್ಮಪ್ಪನನ್ನು ಊರವರು ಶರಣಪ್ಪ ಸಾವ್ಕಾರ ಅನ್ನುತ್ತಿದ್ದರು. ಹತ್ತಿ, ಶೇಂಗಾ, ಜೋಳದ ವ್ಯಾಪಾರ. ಮನೆಯ ಮುಂಭಾಗವೇ ಅಂಗಡಿ. ಬಳಗಾನೂರು, ಜವಳಗೇರಾ ಕಡೆಯಿಂದ ಬಂಡಿಗಳು ಬಂದು ಬೀದಿಯಲ್ಲಿ ನೊಗ ಇಳಿಸುತ್ತಿದ್ದವು. ಆಗ ಆ ಊರುಗಳಿಗೆ ಕಾಲುವೆಯೂ ಇಲ್ಲ, ಭತ್ತವೂ ಇಲ್ಲ. ಮಳೆ ನಂಬಿದ ಕಪ್ಪು ಹೊಲ, ಬಿಳಿ ಜೋಳ. ಅಪ್ಪ ಗಾದಿಯ ಮೇಲೆ ಕುಳಿತರೆ ಅವನ ಕಣ್ಣು ತಕ್ಕಡಿಯನ್ನು ಬಿಟ್ಟು ಕದಲುತ್ತಿರಲಿಲ್ಲ. ಅಂಗಡಿಯ ಮುಂದೆ ಯಾರಾದರೂ ಕೈ ಚಾಚಿದರೆ, ನೆರಳು ನೋಡಿಯೇ ತಿಳಿದು, ತಲೆ ಎತ್ತದೆ ಒಂದು ಮಾತು ಹೇಳುತ್ತಿದ್ದ: “ಮುಂದಕ್ಕ ಹೋಗು.” ಅದರಲ್ಲಿ ಸಿಟ್ಟು ಇರುತ್ತಿರಲಿಲ್ಲ. ನೊಣ ಓಡಿಸುವಾಗ ಯಾರಿಗೆ ಸಿಟ್ಟಿರುತ್ತದೆ?

ಅಪ್ಪ ಜಿಪುಣನೇನಲ್ಲ. ಮಠಕ್ಕೆ ಎಣ್ಣೆ ಡಬ್ಬಿ ಕಳಿಸುತ್ತಿದ್ದ. ಮೊಹರಂ ಬಂದರೆ ಅಲಾಯಿ ದೇವರನ್ನು ಕೂಡಿಸುವ ಮಸೂತಿಗೆ ಜೋಳದ ಚೀಲ ಹೊರಿಸುತ್ತಿದ್ದ. ಒಟ್ಟಿಗೆ ಕೊಟ್ಟಾಯಿತಲ್ಲ, ಇನ್ನು ಬಾಗಿಲಿಗೆ ಬಂದವರಿಗೆ ಬಿಡಿಬಿಡಿಯಾಗಿ ಏಕೆ ಕೊಡಬೇಕು ಅನ್ನುವುದು ಅವನ ಲೆಕ್ಕ. ದಾನದಲ್ಲೂ ಅವನು ಸಗಟು ವ್ಯಾಪಾರಿ.

ಆ ವರ್ಷ ನನಗೆ ಮುದ್ದತ್ತಿನ ಜ್ವರ ಬಂತು. ಈಗ ಟೈಫಾಯಿಡ್ ಅನ್ನುತ್ತೀರಿ. ಆಗ ಅದಕ್ಕೆ ಮಾತ್ರೆಯಿರಲಿಲ್ಲ. ಅದರ ಮುದ್ದತ್ತು ಮುಗಿಯುವವರೆಗೆ ಮನುಷ್ಯ ಉಳಿದರೆ ಉಳಿದ. ಊರಿನ ಔಷಧಕ್ಕೆ ಬಗ್ಗದೆ ನಾನು ಮಾತು ಬಿಟ್ಟಾಗ ಕಮಾನು ಬಂಡಿ ಕಟ್ಟಿಸಿ ಲಿಂಗಸುಗೂರಿನ ದವಾಖಾನೆಗೆ ಕರೆದುಕೊಂಡು ಹೊರಟರು. ಅಪ್ಪ ಸಿಂಧನೂರಿನ ಸಂತೆಗೆ ಹೋಗಿದ್ದ, ನೇರ ದವಾಖಾನೆಗೆ ಬರುವಂತೆ ಹೇಳಿಕಳಿಸಿದ್ದರು. ಬಂಡಿಯಲ್ಲಿ ಅವ್ವ, ನಾನು, ಮತ್ತು ನಮ್ಮ ಹಿತ್ತಲಿಗೆ ಹಿತ್ತಲು ಹತ್ತಿದ ಮನೆಯ ಮಾಬಮ್ಮತ್ತೆ. ಮಾಬಮ್ಮತ್ತೆಯದು ಪಿಂಜಾರರ ಮನೆ. ಅವಳ ಗಂಡ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದ. ಅವಳಿಗೆ ಮಕ್ಕಳಿರಲಿಲ್ಲ. ನಾನು ನಡೆಯಲು ಕಲಿತದ್ದು ಅವಳ ಮನೆಯ ಹತ್ತಿಯ ರಾಶಿಯ ಮೇಲೆ ಎಂದು ಅವ್ವ ಹೇಳುತ್ತಿದ್ದಳು. ಬಿದ್ದರೂ ನೋವಾಗುತ್ತಿರಲಿಲ್ಲವಾದ್ದರಿಂದ ನಡಿಗೆ ಕಲಿಯಲು ಬಹಳ ತಡ ಮಾಡಿದೆನಂತೆ.

ಬಂಡಿಯ ಕುಲುಕಾಟ ನನಗೆ ಮಬ್ಬಾಗಿ ನೆನಪಿದೆ. ತಲೆ ಅವ್ವನ ತೊಡೆಯ ಮೇಲೆ, ಕಾಲು ಮಾಬಮ್ಮತ್ತೆಯ ತೊಡೆಯ ಮೇಲೆ. ಉಳಿದದ್ದನ್ನು ಅವರ ಬಾಯಿಂದ ಕೇಳಿದ್ದು. ಲಿಂಗಸುಗೂರು ಇನ್ನೂ ದೂರವಿರುವಾಗಲೇ ನನ್ನ ಕಣ್ಣು ಮೇಲಕ್ಕೆ ಸಿಕ್ಕಿಕೊಂಡವು. ಅವ್ವ ಅಮರಯ್ಯನ ಗುಡಿಯಿರುವ ಗುರುಗುಂಟಾದ ದಿಕ್ಕಿಗೆ ಕೈಯೆತ್ತಿ, “ಅಮರಯ್ಯಾ, ಕೂಸು ಎದ್ದು ಕುಂತರ ನಾನೇ ಜೋಳಿಗಿ ಹಿಡದು ಐದು ಮನಿ ಬೇಡತೀನಿ” ಅಂದಳು. ಮಾಬಮ್ಮತ್ತೆ ತನ್ನ ಅಲಾಯಿ ದೇವರನ್ನು ಕರೆದು, “ಹಸೇನಿ ಹುಸೇನಿ, ಕೂಸು ಎದ್ರ ನಾ ಫಕೀರಳಾಗತೀನಿ, ಐದು ಮನಿ ಬೇಡತೀನಿ” ಅಂದಳು. ಅಷ್ಟಕ್ಕೆ ಅವ್ವನಿಗೆ ಧೈರ್ಯ ಸಾಲದೆ, “ಅಲಾಯಿ ದೇವರೇ, ನಾನೂ ನಿನ್ನ ಫಕೀರಳಾಗತೀನಿ. ಬೇಡಿದ್ದರಾಗ ಅರ್ಧ ನಿನಗ, ಅರ್ಧ ಅಮರಯ್ಯಗ” ಅಂತ ಸೇರಿಸಿದಳಂತೆ.

ಫಕೀರರಾಗುವುದೆಂದರೆ ಏನು ಎಂದು ಈಗಿನವರಿಗೆ ಹೇಳಬೇಕು. ನಮ್ಮ ಕಡೆ ಹರಕೆ ಹೊತ್ತವರು, ಅವರು ಯಾವ ಜಾತಿಯವರೇ ಇರಲಿ, ಮೊಹರಮ್ಮಿನಲ್ಲಿ ಫಕೀರರಾಗುತ್ತಾರೆ. ಕೊರಳಿಗೆ ಲಾಡಿ ಎನ್ನುವ ಬಣ್ಣದ ದಾರ, ಹಣೆಗೆ ಊದಿನ ಬೂದಿ, ಹೆಗಲಿಗೆ ಜೋಳಿಗೆ. ಐದು ಮನೆಯ ಮುಂದೆ ನಿಂತು ಬೇಡಬೇಕು. ಸಿಕ್ಕ ಕಾಳಿನಿಂದ ದೇವರಿಗೆ ಎಡೆ ಮಾಡಬೇಕು. ಗುಡಿಯ ದೇವರಿಗೆ ಜೋಗ ಬೇಡುವವರದ್ದೂ ಇದೇ ರೀತಿ. ಅಲ್ಲೂ ಜೋಳಿಗೆ, ಇಲ್ಲೂ ಜೋಳಿಗೆ. ಐದಕ್ಕೆ ನಿಲ್ಲಿಸಬೇಕು, ಆರನೆಯ ಮನೆಗೆ ಹೋದರೆ ಅದು ಹರಕೆಯಲ್ಲ, ಹೊಟ್ಟೆಪಾಡು. ಕೊಡುವವರಿಗೂ ಒಂದು ಕಟ್ಟಳೆ ಇತ್ತು. ಫಕೀರನಿಗೆಂದು ಹಿಡಿಯಲ್ಲಿ ಎತ್ತಿದ ಕಾಳನ್ನು ಮತ್ತೆ ಚೀಲಕ್ಕೆ ಸುರಿಯುವಂತಿಲ್ಲ.

ಈ ಪದ್ಧತಿಯನ್ನು ಕಟ್ಟಿದವರು ಯಾರೋ, ಅವರಿಗೆ ಮನುಷ್ಯರ ಸ್ವಭಾವ ಚೆನ್ನಾಗಿ ಗೊತ್ತಿತ್ತು. ಕೇಳಿದ್ದು ಸಿಕ್ಕ ಕೂಡಲೇ ನಾವು ಕೇಳಿದವರಾಗಿದ್ದೆವು ಎಂಬುದನ್ನೇ ಮರೆಯುತ್ತೇವೆ. ಅದಕ್ಕೇ, ದೇವರ ಮುಂದೆ ಬರುವ ಮೊದಲು ಇನ್ನೊಮ್ಮೆ ಬೇಡಿಕೊಂಡು ಬಾ, ನಿನ್ನ ಓರಗೆಯವರ ಮುಂದೆಯೇ ಕೈ ಚಾಚಿಕೊಂಡು ಬಾ ಎಂದರು. ಈ ವಿಷಯದಲ್ಲಿ ಎರಡು ಕಡೆಯ ದೇವರೂ ಒಂದೇ ಮಾತಿನವರು. ಮುದಗಲ್ಲಿನ ಇಗರ್ಜಿಯಲ್ಲಿ ಮಗುವಿನಷ್ಟು ಎತ್ತರದ ಮೇಣದ ಬತ್ತಿ ಹಚ್ಚುವ ತಾಯಂದಿರನ್ನು ಆಮೇಲೆ ನೋಡಿದ್ದೇನೆ. ಬತ್ತಿ ಉರಿದು ಮುಗಿಯುವವರೆಗೆ ಅವರೂ ಮೊಣಕಾಲೂರಿ ಕೂತೇ ಇರುತ್ತಿದ್ದರು. ಹನುಮಪ್ಪನ ಗುಡಿಗೆ ದಾರಿಯುದ್ದಕ್ಕೂ ಅಡ್ಡಬಿದ್ದು ಏಳುತ್ತ ದೀಡ ನಮಸ್ಕಾರ ಹಾಕುವವರ ಮೈಗೆ ಹತ್ತಿದ ಮಣ್ಣೂ ಅವರದೇ. ಯಾರ ಮಣ್ಣನ್ನೂ ಯಾರೂ ಹಚ್ಚಿಕೊಳ್ಳುತ್ತಿರಲಿಲ್ಲ.

ನಾನು ಉಳಿದುಕೊಂಡೆ. ಇಲ್ಲದಿದ್ದರೆ ಈ ಪೊಟ್ಟಣ ಯಾರಿಗೆ ಬರುತ್ತಿತ್ತು? ದವಾಖಾನೆಯ ಡಾಕ್ಟರು ದಪ್ಪ ಗಾಜಿನ ಬಾಟಲಿಯಲ್ಲಿ ಕೆಂಪು ಔಷಧ ಕೊಡುತ್ತಿದ್ದರು. ಒಂದೊಂದು ಗುಟುಕಿಗೆ ಗುರುತಾಗಿ ಬಾಟಲಿಗೆ ಕತ್ತರಿಸಿದ ಕಾಗದ ಅಂಟಿಸಿರುತ್ತಿತ್ತು. ಮನೆಗೆ ಬಂದ ಮೇಲೂ ಗಂಜಿ, ಬೇಳೆಕಟ್ಟು ಬಿಟ್ಟು ಬೇರೇನೂ ಇಲ್ಲ. ರೊಟ್ಟಿಯ ವಾಸನೆಗೇ ಅಳು ಬರುತ್ತಿತ್ತು. ಜ್ವರದಿಂದ ನನ್ನ ಉರ್ದು ಅಕ್ಷರಗಳೆಲ್ಲ ಮರೆತುಹೋದವೆಂದು ಅಪ್ಪ ಶಾಲೆಯ ಮೌಲವಿ ಮಾಸ್ತರರಿಗೆ ಹೇಳಿದ. ಜ್ವರಕ್ಕಿಂತ ಮೊದಲೂ ಅವು ನನಗೆ ಬರುತ್ತಿರಲಿಲ್ಲ ಎಂಬುದು ಮಾಸ್ತರರಿಗೂ ನನಗೂ ಮಾತ್ರ ಗೊತ್ತಿತ್ತು. ಅವರು ಒಳ್ಳೆಯವರು, ಸುಮ್ಮನಿದ್ದರು.

ನಾನು ಗೋಡೆ ಹಿಡಿದು ನಡೆಯುವ ಹೊತ್ತಿಗೆ ಮೊಹರಂ ಬಂತು. ಮಸೂತಿಯ ಮುಂದೆ ಬೆಂಕಿಯ ಗುಂಡಿ ತೋಡಿದರು. ಹಲಗೆಯ ಸದ್ದು ಶುರುವಾಯಿತು. ಅವ್ವ ಪೆಟಾರಿಯಿಂದ ಹಳೆಯ ಹಸಿರು ಸೀರೆ ತೆಗೆದು ಜೋಳಿಗೆ ಹೊಲಿಯುತ್ತ ಕುಳಿತಳು. ಅಪ್ಪ ನೋಡಿದ.

“ಇದೇನು?”

“ಹರಕಿ. ಐದು ಮನಿ ಬೇಡಬೇಕು.”

“ಯಾರು?”

“ನಾನು.”

ಅಪ್ಪ ನಕ್ಕ. ಆಮೇಲೆ ಅವಳು ನಗುತ್ತಿಲ್ಲವೆಂದು ಗೊತ್ತಾಗಿ ಕುಳಿತುಕೊಂಡ. “ಬಸಮ್ಮ, ಬುದ್ಧಿ ಐತೇನು ನಿನಗ? ಸಾವ್ಕಾರನ ಹೇಣ್ತಿ ಜೋಳಿಗಿ ಹಿಡದು ಮಂದಿ ಮನಿ ಮುಂದ ನಿಂತ್ರ ಏನಂತಾರ? ಶರಣಪ್ಪ ಮುಳಗ್ಯಾನ ಅಂತಾರ. ನಾಳಿಗೇ ಸಿಂಧನೂರ ತನಕಾ ಸುದ್ದಿ ಹೋಗತೈತಿ. ಒಬ್ಬನೂ ನನ್ನ ಅಂಗಡಿಗೆ ಹತ್ತಿ ಹಾಕಂಗಿಲ್ಲ.”

“ಹರಕಿ ಹೊತ್ತಾಗ ಅಂಗಡಿ ನೆನಪಾಗಲಿಲ್ಲರೀ. ಕೂಸೊಂದೇ ಕಣ್ಣಾಗ ಇತ್ತು.”

ಅಪ್ಪ ಮರುದಿನದಿಂದ ಪರಿಹಾರ ಹುಡುಕತೊಡಗಿದ. ಮೊದಲು, ವಾಸಿ ಮಾಡಿದವರು ಯಾರು ಎಂದು ತನಿಖೆ ಮಾಡಿದ. ಅವನ ತೀರ್ಮಾನದಲ್ಲಿ ಡಾಕ್ಟರು. ಲಿಂಗಸುಗೂರಿಗೆ ಒಂದು ಡಬ್ಬಿ ತುಪ್ಪ ಕಳಿಸಿದ. ಡಾಕ್ಟರು ತುಪ್ಪ ಇಟ್ಟುಕೊಂಡು, “ನಾನೇನ ಮಾಡೀನಿ, ಮ್ಯಾಲಿನವಗ ಶುಕ್ರಿಯಾ ಹೇಳ್ರಿ” ಎಂದು ಹೇಳಿಕಳಿಸಿದರು. ಅಪ್ಪನಿಗೆ ಬೇಸರವಾಯಿತು. ತುಪ್ಪವೂ ಹೋಯಿತು, ಪ್ರಶ್ನೆಯೂ ಉಳಿಯಿತು.

ಹಾಗಾದರೆ ಮೇಲಿನವನಿಗೇ ಕಳಿಸೋಣ ಎಂದು ಗುರುಗುಂಟಾಕ್ಕೆ ಆಳನ್ನು ಕಳಿಸಿ ಅಮರಯ್ಯನಿಗೆ ಅಭಿಷೇಕ ಮಾಡಿಸಿದ. ಆಗ ಸಕ್ಕರೆಗೂ ಕಂಟ್ರೋಲು; ಹೇಗೋ ಹೊಂದಿಸಿ ಮುಲ್ಲಾ ಅವರ ಹತ್ತಿರ ಸಕ್ಕರೆಯ ಮೇಲೆ ಫಾತಿಹಾ ಓದಿಸಿ ತರಿಸಿದ. ಸಂಜೆ ಎರಡೂ ಪ್ರಸಾದಗಳನ್ನು ಒಂದು ತಾಟಿನಲ್ಲಿಟ್ಟು ಅವ್ವನ ಮುಂದೆ ಹಿಡಿದ. ಒಂದು ಎಲೆಯ ಪೊಟ್ಟಣ, ಒಂದು ಕಾಗದದ ಪೊಟ್ಟಣ. “ಎರಡೂ ಕಡಿ ಮುಗಿಸೀನಿ ನೋಡು” ಅಂದ. ನನ್ನ ತಮ್ಮನ ಮಗ ಆ ಮಾತನ್ನು ಎಲ್ಲಿಂದ ಕಲಿತನೆಂದು ನಾನು ಕೇಳುವುದೇಕೆ? ಅಜ್ಜನ ರಕ್ತವೇ ಅಲ್ಲವೇ.

ಅವ್ವ ಎರಡನ್ನೂ ಕಣ್ಣಿಗೊತ್ತಿಕೊಂಡು ಗೂಡಿನಲ್ಲಿಟ್ಟಳು. “ಇದು ನಿಮ್ಮದು. ನಂದು ಇನ್ನೂ ಹಂಗೇ ಐತಿ” ಅಂದಳು.

ಆಗ ಅಪ್ಪ ಇನ್ನೊಂದು ಉಪಾಯ ಮಾಡಿದ. ಇದನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ. ನಮ್ಮ ಅಂಗಳ ಗುಡಿಸುತ್ತಿದ್ದ ಹನುಮವ್ವನನ್ನು ಕರೆದು, “ನೀ ಹೋಗಿ ಲಾಡಿ ಹಾಕ್ಕೊ, ನಮ್ಮ ಬಸಮ್ಮನ ಹೆಸರಲೆ ಐದು ಮನಿ ಬೇಡಿಕೊಂಡು ಬಾ” ಅಂದ. ಹನುಮವ್ವನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಸಾವ್ಕಾರರ ನೀರು ಹೊರುತ್ತಿದ್ದಳು, ಸಗಣಿ ಬಳಿಯುತ್ತಿದ್ದಳು, ಈಗ ಅವರ ಭಕ್ತಿಯನ್ನೂ ಹೊತ್ತಳು. ಬೇಡಿ ತಂದ ಜೋಳವನ್ನು ಅವ್ವನ ಮುಂದೆ ಸುರಿದಳು. ಅವ್ವ ಅದನ್ನು ಮೊರದಲ್ಲಿ ಕೇರಿ, ಹಸನು ಮಾಡಿ, ಮತ್ತೆ ಹನುಮವ್ವನ ಸೆರಗಿಗೇ ಕಟ್ಟಿದಳು.

“ನೀ ಬೇಡೀದಿ, ಇದು ನಿಂದು. ರೊಟ್ಟಿ ಮಾಡಿಕೊಂಡು ಉಣ್ಣು. ಪುಣ್ಯಾನೂ ನಿನಗೇ ಬಂದೈತಿ.”

“ಪುಣ್ಯಾ ನೀವಽ ಇಟಗೊಳ್ರೆವ್ವ, ಜ್ವಾಳ ಸಾಕು ನನಗ” ಅಂತ ಹನುಮವ್ವ ನಕ್ಕುಕೊಂಡು ಹೋದಳು. ಆ ಮನೆಯಲ್ಲಿ ಆ ವಾರ ನಕ್ಕವಳು ಅವಳೊಬ್ಬಳೇ.

ಅಂದು ಅಪ್ಪ ಮೊದಲ ಸಲ ದನಿ ಏರಿಸಿದ. “ನಾ ಇರೂ ತನಕಾ ಈ ಹೊಸ್ತಿಲಾ ದಾಟಿ ಬೇಡಾಕ ಹೋಗಬ್ಯಾಡ. ಹೇಳೀನಿ.” ಅವ್ವ ಜೋಳಿಗೆಯ ಹೊಲಿಗೆ ಮುಂದುವರಿಸಿದಳು. ಹಾಸಿಗೆಯಲ್ಲಿ ಮಲಗಿದ್ದ ನನಗೆ ಹೆದರಿಕೆ ಹತ್ತಿತು. ಹರಕೆ ತೀರದಿದ್ದರೆ ದೇವರು ಜ್ವರವನ್ನು ವಾಪಸು ಕಳಿಸುತ್ತಾನೆಂದು ನಾನು ನಂಬಿದ್ದೆ. ಅವ್ವನೂ ನಂಬಿದ್ದಳೋ ಏನೋ. ಆಕೆ ಆ ದಿನಗಳಲ್ಲಿ ಗಳಿಗೆಗೊಮ್ಮೆ ಬಂದು ನನ್ನ ಕೊರಳ ಕೆಳಗೆ ಕೈಯಿಟ್ಟು ನೋಡುತ್ತಿದ್ದಳು. ಅಪ್ಪನಿಗೆ ಅದು ಅಂಗಡಿಯ ಮರ್ಯಾದೆಯ ಪ್ರಶ್ನೆ, ಅವಳಿಗೆ ಮಗಳ ಉಸಿರಿನ ಪ್ರಶ್ನೆ. ಇಬ್ಬರೂ ಒಂದೇ ಚಾಪೆಯ ಮೇಲೆ ಕುಳಿತು ಬೇರೆ ಬೇರೆ ಲೋಕದಲ್ಲಿದ್ದರು.

ಹಬ್ಬ ಮುಗಿಯುವ ಹಿಂದಿನ ದಿನ. ಬೆಳಗಿನ ಬಿಸಿಲು ಏರಿತ್ತು. ನನಗೆ ಬೇಸರವಾಗಬಾರದೆಂದು ಅಪ್ಪ ನನ್ನನ್ನು ಅಂಗಡಿಗೆ ಎತ್ತಿಕೊಂಡು ಬಂದು ಜೋಳದ ಚೀಲದ ಮೇಲೆ ಕೂಡಿಸಿದ್ದ. ಬಳಗಾನೂರಿನ ಇಬ್ಬರು ರೈತರು ಹತ್ತಿ ತೂಗಿಸುತ್ತಿದ್ದರು. ಅಪ್ಪ ತಕ್ಕಡಿಯ ಮುಳ್ಳನ್ನೇ ನೋಡುತ್ತಿದ್ದ. ಅಂಗಡಿಯ ಮೆಟ್ಟಿಲ ಮೇಲೆ ನೆರಳು ಬಿತ್ತು. ಕೊರಳಲ್ಲಿ ಲಾಡಿ, ಹಣೆಯ ತುಂಬ ಬೂದಿ, ಮುಂದಕ್ಕೆ ಎಳೆದುಕೊಂಡ ಸೆರಗು, ಹಸಿರು ಜೋಳಿಗೆ.

“ಹಸೇನಿ ಹುಸೇನಿ. ಅಮರಯ್ಯ. ಫಕೀರಳಿಗೆ ಒಂದು ಹಿಡಿ ಹಾಕ್ರಿ.”

“ಮುಂದಕ್ಕ ಹೋಗು” ಅಂದ ಅಪ್ಪ, ತಲೆ ಎತ್ತದೆ.

ನಾನು ಚೀಲದ ಮೇಲೆ ಮರಗಟ್ಟಿ ಕುಳಿತೆ. ಆ ದನಿ ನನಗೆ ಗೊತ್ತಿತ್ತು. ಅವ್ವ ಹಿತ್ತಲ ಬಾಗಿಲಿನಿಂದ ಹೊರಬಿದ್ದು, ಮಾಬಮ್ಮತ್ತೆಯ ಮನೆಯಲ್ಲಿ ಲಾಡಿ ಕಟ್ಟಿಸಿಕೊಂಡು, ಓಣಿ ಸುತ್ತಿ ಮುಂದಿನ ಬೀದಿಗೆ ಬಂದಿದ್ದಳು. ಅಪ್ಪ ಹೇಳಿದ ಹೊಸ್ತಿಲನ್ನು ಅವಳು ದಾಟಿರಲಿಲ್ಲ. ಅದರ ಹೊರಗೆ ನಿಂತಿದ್ದಳು.

ನೆರಳು ಕದಲಲಿಲ್ಲ. “ಮುಂದಿನ ಮನಿಗೆ ಹೋಗವಾ” ಅಂದ ಅಪ್ಪ ಮತ್ತೆ.

“ಮುಂದಿನ ಮನಿಗೂ ಹೋಗತೀನ್ರಿ. ಮೊದಲನೇದು ಇದೇ. ನನ್ನ ಮನಿ.”

ಅಪ್ಪ ತಲೆ ಎತ್ತಿದ. ತಕ್ಕಡಿಯ ಒಂದು ತಟ್ಟೆ ನೆಲಕ್ಕೆ ಬಡಿಯಿತು. ರೈತರಿಬ್ಬರೂ ತಕ್ಷಣ ಬೇರೆ ಕಡೆ ನೋಡಿದರು. ಒಬ್ಬ ಎದ್ದು ಎತ್ತಿನ ಕೊರಳು ಸವರತೊಡಗಿದ. ನಮ್ಮ ರೈತರಿಗೆ ಅಷ್ಟು ಮರ್ಯಾದೆ ಗೊತ್ತಿತ್ತು. ಅಪ್ಪನ ಮುಖಕ್ಕೆ ಏರಿದ ಬಣ್ಣವನ್ನು ನಾನು ಮಾತ್ರ ನೋಡಿದೆ. ಅವನು ಕೂಗುತ್ತಾನೆ ಅಂದುಕೊಂಡೆ. ಕೂಗಲಿಲ್ಲ. ಮೊಹರಮ್ಮಿನಲ್ಲಿ ಲಾಡಿ ಕಟ್ಟಿದವರ ಮೇಲೆ ಯಾರೂ ದನಿ ಏರಿಸುವಂತಿಲ್ಲ. ಅವಳು ಈಗ ಅವನ ಹೆಂಡತಿಯಲ್ಲ, ದೇವರ ಫಕೀರಳು. ಅವನು ಸೇರು ತೆಗೆದುಕೊಂಡು ಚೀಲದಿಂದ ಜೋಳ ತುಂಬಿದ. ಶಿಖರ ಬರುವಂತೆ ತುಂಬಿದ. ಬೇರೆಯವರ ಎದುರಿಗೆ ಕಡಿಮೆ ಕೊಟ್ಟನೆಂದು ಆಗಬಾರದಲ್ಲ.

“ಸೇರು ಬ್ಯಾಡ್ರಿ” ಅಂದಳು ಅವ್ವ. “ಹರಕಿಗೆ ಒಂದು ಹಿಡಿ. ಕೈಲೇ ಹಾಕ್ರಿ.”

ಅಪ್ಪ ಸೇರನ್ನು ಕೆಳಗಿಟ್ಟ. ಬರಿಗೈಯಲ್ಲಿ ಒಂದು ಹಿಡಿ ಎತ್ತಿ, ಗಾದಿಯ ಮೇಲಿಂದಲೇ ಬಾಗಿ, ಜೋಳಿಗೆಗೆ ಹಾಕಿದ. ನಾಲ್ಕು ಕಾಳು ಮೆಟ್ಟಿಲ ಮೇಲೆ ಉದುರಿದವು. ಅವ್ವ ಅವನ್ನು ಹೆಕ್ಕಿಕೊಂಡು, “ಹೊಟ್ಟಿ ತಣ್ಣಗಿರಲಿ” ಎಂದು ಹರಸಿದಳು. ಎಲ್ಲ ಮನೆಗೂ ಹೇಳುವ ಮಾತು ಅದು. ತಾನು ಹೆತ್ತ ಮಗಳು ಕುಳಿತ ಅಂಗಡಿಗೆ, ತಾನು ಅಡುಗೆ ಮಾಡುವ ಮನೆಗೆ, ಪರಊರವಳಂತೆ ಹೇಳಿದಳು.

ನಾನು ಚೀಲದಿಂದ ಜಾರಿ ಅವಳ ಹಿಂದೆ ಓಡಿದೆ. ಓಡಿದೆ ಅನ್ನುವುದು ದೊಡ್ಡ ಮಾತು, ಕಾಲು ನಡುಗುತ್ತಿದ್ದವು. ಅವ್ವ ಬೈಯಲಿಲ್ಲ, ಸೆರಗಿನ ತುದಿ ಹಿಡಿಯಲು ಕೊಟ್ಟಳು. ಇನ್ನೂ ಮೂರು ಮನೆ ಮುಗಿಸಿ ಐದನೆಯದಕ್ಕೆ ಮಾಬಮ್ಮತ್ತೆಯ ಬಾಗಿಲಿಗೆ ಬಂದೆವು. ಅವಳು ಒಂದು ಹಿಡಿ ಜೋಳ ಹಾಕಿ, ನನ್ನನ್ನು ಹತ್ತಿಯ ರಾಶಿಯ ಮೇಲೆ ಕೂಡಿಸಿದಳು. ಅವ್ವ ಜೋಳಿಗೆಯ ಬಾಯಿ ಕಟ್ಟಿ, ಲಾಡಿ ಮುಟ್ಟಿಕೊಂಡು, ಅಷ್ಟು ದಿನಗಳಲ್ಲಿ ಮೊದಲ ಸಲ ನೆಮ್ಮದಿಯಾಗಿ ಗೋಡೆಗೊರಗಿದಳು. ಆಗ ಅವಳಿಗೆ ನೆನಪಾಯಿತು.

“ಮಾಬಮ್ಮ, ನೀನೂ ಹೊತ್ತಿದ್ದೆಲ್ಲ, ಬಂಡ್ಯಾಗ. ನಿಂದು ಯಾವಾಗ?”

“ನಂದು ಮುಗದೈತಿ ಯಕ್ಕಾ. ಲಾಡಿ ಕಟ್ಟಿದ ದಿನಾನೇ ಹೋಗಿದ್ದೆ.”

“ಎಲ್ಲೆಲ್ಲಿ ಹೋದಿ? ನಮ್ಮನಿಗೆ ಬರಲಿಲ್ಲ?”

ಮಾಬಮ್ಮತ್ತೆ ಹತ್ತಿಯಲ್ಲಿ ಸಿಕ್ಕ ಬೀಜವೊಂದನ್ನು ಆರಿಸಿ ಎಸೆದಳು. “ಮೊದಲ ನಿಮ್ಮನಿಗೇ ಬಂದಿದ್ದೆ. ಕೂಸಿನ ಮನಿ ಅಂತ. ಸಾವ್ಕಾರ್ರು ಮುಂದಕ್ಕ ಹೋಗು ಅಂದ್ರು. ಹೋದೆ. ಮುಂದ ಮನಿ ಇದ್ವಲ್ಲ.”

“ನಾ ಮಾಬಮ್ಮ ಅನ್ನಬೇಕಿಲ್ಲೇನ?”

“ಹೆಸರು ಹೇಳಿ ಇಸಗೊಂಡ್ರ ಅದು ಮಾಬಮ್ಮಗ ಕೊಟ್ಟಂಗ ಆಗತೈತಿ. ಫಕೀರಳಿಗೆ ಕೊಟ್ಟಂಗ ಆಗಂಗಿಲ್ಲ. ಬಿಡು ಯಕ್ಕಾ, ಅವರು ನೋಡಲಿಲ್ಲ.”

ನನ್ನ ಅವ್ವನ ಮುಖ ಹಾಗಾದದ್ದನ್ನು ನಾನು ಮೊದಲೂ ನೋಡಿಲ್ಲ, ಆಮೇಲೂ ನೋಡಿಲ್ಲ. ಅಪ್ಪ ತನ್ನನ್ನು ನೋಡದೆ ಮುಂದಕ್ಕೆ ಹೋಗು ಅಂದಾಗ ಅವಳು ಸಿಟ್ಟಾಗಿರಲಿಲ್ಲ. ಈಗ ಆದಳು. ನನ್ನ ಕಾಲುಗಳನ್ನು ತೊಡೆಯ ಮೇಲಿಟ್ಟುಕೊಂಡು ಲಿಂಗಸುಗೂರಿನವರೆಗೆ ಬಂಡಿಯಲ್ಲಿ ಕುಳಿತವಳು, ಹೆರದ ಕೂಸಿಗಾಗಿ ತನ್ನ ದೇವರಿಗೆ ಮಾತು ಕೊಟ್ಟವಳು, ಆ ಕೂಸು ಉಳಿದದ್ದಕ್ಕೆ ಕೃತಜ್ಞತೆ ಹೇಳಲು ಆ ಕೂಸಿನ ಮನೆಯ ಬಾಗಿಲಿಗೇ ಬಂದರೆ, ಒಳಗೆ ಕುಳಿತ ಕೂಸಿನ ಅಪ್ಪ ಅವಳನ್ನು ನೊಣದಂತೆ ಓಡಿಸಿದ್ದ. ಅಮರಯ್ಯನಿಗೆ ಅಭಿಷೇಕ, ಮುಲ್ಲಾ ಅವರಿಂದ ಸಕ್ಕರೆ, ಡಾಕ್ಟರಿಗೆ ತುಪ್ಪ, ಎಲ್ಲ ಕಡೆಗೂ ಕಳಿಸಿದ್ದ. ಬಾಗಿಲಿಗೆ ಬಂದ ದೇವರನ್ನು ಮಾತ್ರ ಮುಂದಕ್ಕೆ ಕಳಿಸಿದ್ದ.

ಅವ್ವ ಮಾಬಮ್ಮತ್ತೆಯ ಮಣಿಕಟ್ಟು ಹಿಡಿದಳು. “ನಡಿ.” ಅವಳು, “ಬ್ಯಾಡ ಯಕ್ಕಾ, ಮುಗದೈತಿ ಬ್ಯಾಡ” ಅನ್ನುತ್ತಲೇ ಬಂದಳು. ನಾನೂ ಹಿಂದೆ. ಈ ಸಲ ಅವ್ವ ಓಣಿ ಸುತ್ತಲಿಲ್ಲ. ಹಿತ್ತಲಿನಿಂದ ಮನೆಯೊಳಗೆ ಬಂದು, ಪಡಸಾಲೆ ದಾಟಿ, ಅಪ್ಪನ ಬೆನ್ನ ಹಿಂದಿನಿಂದ ಅಂಗಡಿಗೆ ಬಂದಳು. ರೈತರು ಹೋಗಿದ್ದರು. ಅಪ್ಪ ಕಾಳು ಉದುರಿದ್ದ ಮೆಟ್ಟಿಲನ್ನು ನೋಡುತ್ತ ಕುಳಿತಿದ್ದ.

ಅವ್ವ ಎಲ್ಲವನ್ನೂ ಹೇಳಿದಳು. ಕೂಗಾಡಲಿಲ್ಲ. ಬಂಡಿಯ ಮಾತಿನಿಂದ ಶುರುಮಾಡಿ, ಮುಂದಕ್ಕ ಹೋಗು ಎನ್ನುವವರೆಗೆ ಹೇಳಿ, “ಈಕಿಗೂ ಹಾಕ್ರಿ” ಅಂದಳು.

ಅಪ್ಪ ಗಾದಿಯಿಂದ ಇಳಿದ. ಯಾರು ಬಂದರೂ, ತಹಸೀಲಿನ ಜವಾನ ಬಂದರೂ ಇಳಿಯದಿದ್ದ ಅಪ್ಪ ನೆಲಕ್ಕಿಳಿದು, ಚೀಲದೊಳಗೆ ಎರಡೂ ಕೈ ಹಾಕಿ, ಬೊಗಸೆಯಲ್ಲ, ಹೇಳಿಸಿಕೊಂಡದ್ದು ನೆನಪಿತ್ತೇನೋ, ಒಂದೇ ಹಿಡಿ ಎತ್ತಿದ. ಎಡಗೈಯನ್ನು ಬಲಗೈಗೆ ಆನಿಸಿ ಮಾಬಮ್ಮತ್ತೆಯ ಮುಂದೆ ಹಿಡಿದ.

ಮಾಬಮ್ಮತ್ತೆ ಕೈ ಚಾಚಲಿಲ್ಲ. ಅವಳ ಮುಖದಲ್ಲಿ ಸಿಟ್ಟಿರಲಿಲ್ಲ, ಸಂಕಟ ಮಾತ್ರ ಇತ್ತು.

“ಬ್ಯಾಡ್ರಿ ಸಾವ್ಕಾರ್ರ. ನನ್ನ ಐದು ಮನಿ ಮುಗದಾವ. ಎಡಿನೂ ಕೊಟ್ಟೀನಿ. ಈಗ ಹಿಡದ್ರ ಇದು ಆರನೇ ಮನಿ ಆಗತೈತ್ರಿ. ದೇವರಿಗೆ ಸಲ್ಲಂಗಿಲ್ಲ.”

ಅಷ್ಟು ಹೇಳಿ, ಅವಳು ನನ್ನ ತಲೆ ನೇವರಿಸಿ, ಹಿತ್ತಲಿನ ಕಡೆ ಹೊರಟುಹೋದಳು. ಅಪ್ಪ ಅವ್ವನ ಕಡೆ ತಿರುಗಿದ. ಅವ್ವನದೂ ಐದು ಮುಗಿದಿತ್ತು. ಅವಳು ಜೋಳಿಗೆಯನ್ನು ಎದೆಗೆ ಒತ್ತಿಕೊಂಡು ಒಳಗೆ ನಡೆದಳು. ಆ ಜೋಳವನ್ನು ಬೀಸಿ, ರೊಟ್ಟಿ ಮಾಡಿ, ಪುಡಿ ಮಾಡಿ ಬೆಲ್ಲ ಕಲಸಿ, ಸಂಜೆ ಅರ್ಧವನ್ನು ಮಸೂತಿಗೂ, ಹಬ್ಬ ಮುಗಿದ ಮೇಲೆ ಇನ್ನರ್ಧವನ್ನು ಗುರುಗುಂಟಾಕ್ಕೂ ತಾನೇ ಹೊತ್ತುಕೊಂಡು ಹೋಗುವವಳಿದ್ದಳು. ಹೊಸ್ತಿಲಿನ ಮಾತನ್ನು ಅಪ್ಪ ಮತ್ತೆ ಎತ್ತಲಿಲ್ಲ.

ಅಂಗಡಿಯಲ್ಲಿ ನಾವಿಬ್ಬರೇ ಉಳಿದೆವು. ಬೀದಿಯಲ್ಲಿ ಯಾವ ಫಕೀರನೂ ಇರಲಿಲ್ಲ. ಎಲ್ಲರೂ ಮುಂದಕ್ಕೆ ಹೋಗಿದ್ದರು. ಅಪ್ಪ ಚೀಲವನ್ನು ನೋಡಿದ. ಎತ್ತಿದ್ದನ್ನು ಅದಕ್ಕೆ ಸುರಿಯುವಂತಿಲ್ಲ. ನೆಲಕ್ಕೆ ಹಾಕುವಂತೆಯೂ ಇಲ್ಲ. ಹಿಡಿಯ ಸಂದಿನಿಂದ ಕಾಳೊಂದು ಜಾರಿ ಬಿತ್ತು. ಅವನು ನನ್ನ ಕಡೆ ಬಾಗಿದ.

“ನೀಲಾ, ನೀನಾದ್ರೂ ಹಿಡಿಯವ್ವ.”

ನನ್ನ ಅಪ್ಪ ಯಾರನ್ನಾದರೂ ಏನನ್ನಾದರೂ ಬೇಡಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ನನಗೆ ಅಳು ಬಂತು. ಆದರೆ ಅದಕ್ಕಿಂತ ಮೊದಲು ಸಿಟ್ಟು ಬಂದಿತ್ತು. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೆ.